ಹಿರಿಯರ ಆರೈಕೆ ಕೇಂದ್ರದಲ್ಲಿ ಮೊದಲ ನರ್ಸ್ ಕೆಲಸ: ಮೊದಲ ಮೂರು ತಿಂಗಳು ದಾಟುವುದು ಹೇಗೆ

ನರ್ಸಿಂಗ್ ಮುಗಿಸಿ ಹಿರಿಯರ ಆರೈಕೆ ಕೇಂದ್ರಕ್ಕೆ ಸೇರುತ್ತೇನೆ ಅಂದರೆ ಜೊತೆಗೆ ಓದಿದವರಲ್ಲಿ ಒಬ್ಬರಾದರೂ "ಅಲ್ಲೇನಿದೆ, ಮಾತ್ರೆ ಕೊಡೋದು ತಾನೇ?" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಹೋದವಳು. ಒಂದೇ ವಾರಕ್ಕೆ ನಶೆ ಇಳಿಯಿತು.

ಇಲ್ಲಿ ಒಂದು ಶಿಫ್ಟಿನಲ್ಲಿ ಇಪ್ಪತ್ತು, ಮೂವತ್ತು ಮಂದಿ ಒಬ್ಬ ನರ್ಸಿನ ಪಾಲಿಗೆ ಬರುವುದು ಅಪರೂಪವೇನಲ್ಲ. ಡಾಕ್ಟರು ಕಟ್ಟಡದಲ್ಲಿ ಇರುವುದಿಲ್ಲ, ಫೋನಿನಲ್ಲಿ ಸಿಗುತ್ತಾರೆ. ಹಾಸಿಗೆ ಪಕ್ಕ ಬೀಪ್ ಅನ್ನುವ ಮಾನಿಟರ್ ಇಲ್ಲ. ಏನಾದರೂ ಕೆಡುತ್ತಿದೆ ಅಂತ ಮೊದಲು ಗೊತ್ತಾಗಬೇಕಾದ್ದು ನಿಮ್ಮ ಕಣ್ಣಿಗೆ.

ಆದರೆ ಆಸ್ಪತ್ರೆಯ ನರ್ಸಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಅದೇ ಜನ ದಿನವೂ ನಿಮ್ಮ ಕಣ್ಣ ಮುಂದೆ ಇರುತ್ತಾರೆ. ಯಾರು ಎಷ್ಟು ಊಟ ಮಾಡುತ್ತಾರೆ, ಯಾರ ನಡಿಗೆ ಹೇಗೆ, ಯಾರು ಬೆಳಗ್ಗೆ ಸಿಡುಕುತ್ತಾರೆ, ಎಲ್ಲವೂ ನಿಧಾನಕ್ಕೆ ಗೊತ್ತಾಗುತ್ತದೆ. ಈ "ಎಂದಿನಂತೆ" ಅನ್ನುವುದು ಗೊತ್ತಿದ್ದರೆ ಮಾತ್ರ "ಇವತ್ತು ಎಂದಿನ ಹಾಗಿಲ್ಲ" ಅನ್ನುವುದು ಕಾಣುತ್ತದೆ. ಮೊದಲ ಮೂರು ತಿಂಗಳಲ್ಲಿ ಕಲಿಯಬೇಕಾದ ಮುಖ್ಯ ಪಾಠ ಇದೇ.

ಸೇರುವ ಮುಂಚೆ

ಸಂದರ್ಶನದಲ್ಲಿ ಅವರು ಮಾತ್ರ ಪ್ರಶ್ನೆ ಕೇಳಬೇಕು ಅಂತೇನಿಲ್ಲ. ನೀವೂ ಕೇಳಿ. ಒಂದು ಶಿಫ್ಟಿಗೆ ಎಷ್ಟು ಹಿರಿಯರು, ಎಷ್ಟು ಸಹಾಯಕರು? ರಾತ್ರಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಇರುತ್ತಾರಾ? ಇಲ್ಲದಿದ್ದರೆ ಅನುಮಾನ ಬಂದಾಗ ಯಾರಿಗೆ ಫೋನ್ ಮಾಡಬೇಕು? ಮುಂದಿನ ಪಾಳಿಯವರು ಬಾರದೆ ಹೋದರೆ ಏನು ಮಾಡುತ್ತೀರಿ?

ಎಲ್ಲಕ್ಕಿಂತ ಮುಖ್ಯ: ಹಿರಿಯ ನರ್ಸ್ ಜೊತೆಗಿದ್ದು ಕಲಿಸುವ ಪಾಳಿಗಳು ಎಷ್ಟು? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. "ನೋಡೋಣ, ನಿಮ್ಮ ಮೇಲೆ ಹೋಗುತ್ತೆ" ಅನ್ನುವ ಉತ್ತರ ಬಂದರೆ ನಾನಾದರೆ ಇನ್ನೊಂದು ಕಡೆ ಅರ್ಜಿ ಹಾಕುತ್ತೇನೆ. ಎರಡನೇ ದಿನಕ್ಕೇ ಒಬ್ಬರನ್ನೇ ಬಿಡುವ ಜಾಗದಲ್ಲಿ ಕಲಿಯುವುದು ಕಡಿಮೆ, ಹೆದರುವುದು ಜಾಸ್ತಿ.

ಮೊದಲ ಪಾಳಿ: ಒಂದು ಹಾಳೆ, ಒಂದು ಸುತ್ತು

ಅರ್ಧ ಗಂಟೆ ಮುಂಚೆ ಹೋಗಿ. ಆಮ್ಲಜನಕದ ಸಿಲಿಂಡರ್, ಗಂಟಲಿನ ಕಫ ಎಳೆದು ತೆಗೆಯುವ ಸಕ್ಷನ್ ಯಂತ್ರ, ತುರ್ತು ಪೆಟ್ಟಿಗೆ, ಶುಗರ್ ಇಳಿದಾಗ ಕೊಡುವ ಗ್ಲೂಕೋಸ್ ಎಲ್ಲೆಲ್ಲಿವೆ ಅಂತ ಕೈಯಿಂದ ಮುಟ್ಟಿ ನೋಡಿ. ಬೇಕಾದಾಗ ಹುಡುಕುತ್ತಾ ಕೂರಲು ಆಗುವುದಿಲ್ಲ.

ಆಮೇಲೆ ಒಂದು ಹಾಳೆ ಮಡಚಿ ಜೇಬಿಗೆ ಇಟ್ಟುಕೊಳ್ಳಿ. ರೂಮ್ ನಂಬರು, ಹೆಸರು, ಅದರ ಮುಂದೆ ಸಣ್ಣ ಗುರುತುಗಳು: ಶುಗರ್ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ, ನುಂಗಲು ಕಷ್ಟವಾ, ಬೀಳುವ ಅಪಾಯ ಇದೆಯಾ, ಹೃದಯ ನಿಂತರೆ ಸಿಪಿಆರ್ ಮಾಡಬೇಕಾ ಬೇಡವಾ. ಈ ಕೊನೆಯದನ್ನು ಕೇಳಲು ಹೊಸಬರಿಗೆ ಮುಜುಗರ. ಆದರೆ ನಡುರಾತ್ರಿ ಒಬ್ಬರ ಉಸಿರು ನಿಂತಾಗ ಫೈಲು ಹುಡುಕುವುದು ಅದಕ್ಕಿಂತ ಕಷ್ಟ. ಪಾಳಿ ಮುಗಿದ ಮೇಲೆ ಆ ಹಾಳೆಯನ್ನು ಹರಿದು ಹಾಕಿ, ಮನೆಗೆ ಒಯ್ಯಬೇಡಿ. ಅದರಲ್ಲಿರುವುದು ಜನರ ಗುಟ್ಟು.

ಹ್ಯಾಂಡೋವರ್, ಅಂದರೆ ಪಾಳಿ ಒಪ್ಪಿಸುವ ಹೊತ್ತಿಗೆ ಹಳಬರು "ಎಲ್ಲಾ ಸ್ಟೇಬಲ್" ಅಂತ ಒಂದೇ ಮಾತಿನಲ್ಲಿ ಮುಗಿಸಿ ಬ್ಯಾಗು ಎತ್ತಿಕೊಳ್ಳುತ್ತಾರೆ. ಬಿಡಬೇಡಿ. "ನಿನ್ನೆಗಿಂತ ಇವತ್ತು ಯಾರು ಬೇರೆ ಥರ ಇದ್ದಾರೆ?" ಅಂತ ಕೇಳಿ. ಈ ಪ್ರಶ್ನೆಗೆ ಜನ ನಿಂತು ಯೋಚಿಸುತ್ತಾರೆ. ಆಮೇಲೆ ಟ್ರಾಲಿ ಮುಟ್ಟುವ ಮುಂಚೆ ಒಂದು ಸುತ್ತು ಹಾಕಿ ಎಲ್ಲರ ಮುಖ ನೋಡಿ. ಹದಿನೈದು ನಿಮಿಷ ಹೋಗುತ್ತದೆ, ಹೋಗಲಿ.

ಯಾರನ್ನು ಏನಂತ ಕರೆಯಬೇಕು ಅನ್ನುವುದನ್ನೂ ಆ ಸುತ್ತಿನಲ್ಲೇ ಕೇಳಿಕೊಳ್ಳಿ. ಎಲ್ಲರಿಗೂ "ಅಜ್ಜಿ", "ತಾತ" ಹಿಡಿಸುವುದಿಲ್ಲ. "ನಾನು ಮೂವತ್ತು ವರ್ಷ ಪಾಠ ಮಾಡಿದವಳು, ಮೇಡಂ ಅನ್ನು" ಅಂತ ನನಗೊಬ್ಬರು ನೇರವಾಗಿ ಹೇಳಿದ್ದರು. ಅಂದಿದ್ದು ಸರಿಯಾಗೇ ಇತ್ತು.

ಮಾತ್ರೆ ಟ್ರಾಲಿ

ಹೊಸ ನರ್ಸಿನ ಕಣ್ಣೀರು ಹೆಚ್ಚಾಗಿ ಇಳಿಯುವುದು ಈ ಟ್ರಾಲಿಯ ಮುಂದೆ. ಒಬ್ಬೊಬ್ಬರಿಗೆ ಎಂಟು, ಹತ್ತು ಮಾತ್ರೆ. ಮೊದಲ ಬೆಳಗಿನ ಸುತ್ತಿಗೆ ಮೂರು ಗಂಟೆ ಹಿಡಿದರೆ ಗಾಬರಿಯಾಗಬೇಡಿ. ವೇಗ ತಾನಾಗಿ ಬರುತ್ತದೆ. ವೇಗಕ್ಕಾಗಿ ಹೊಸಬರು ಮಾಡುವ ಎರಡು ಕೆಲಸಗಳೇ ಅಪಾಯ: ಎಲ್ಲರ ಮಾತ್ರೆಯನ್ನೂ ಮೊದಲೇ ಬಟ್ಟಲುಗಳಿಗೆ ಹಾಕಿಡುವುದು, ಕೊಡುವ ಮುಂಚೆಯೇ ಸಹಿ ಹಾಕಿಬಿಡುವುದು. ಒಬ್ಬರದು ತೆಗೆಯಿರಿ, ಕೊಡಿ, ನುಂಗಿದ್ದು ನೋಡಿ, ಸಹಿ ಹಾಕಿ, ಮುಂದಿನವರ ಹತ್ತಿರ ಹೋಗಿ.

ಸರಿಯಾದ ವ್ಯಕ್ತಿ, ಔಷಧಿ, ಪ್ರಮಾಣ, ದಾರಿ, ಸಮಯ ಅನ್ನುವ ಐದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿರುತ್ತೀರಿ. ಇಲ್ಲಿ ಮೊದಲನೆಯದೇ ಎಡವಟ್ಟು. ಎಷ್ಟೋ ಕಡೆ ಕೈಪಟ್ಟಿ ಇರುವುದಿಲ್ಲ. ಮರೆವಿನ ಕಾಯಿಲೆ ಇರುವವರು ಯಾವ ಹೆಸರು ಕರೆದರೂ "ಹೌದು" ಅಂದುಬಿಡುತ್ತಾರೆ. ಅವರ ಕುರ್ಚಿಯಲ್ಲಿ ಇವರು ಕೂತಿರುತ್ತಾರೆ. ಆದ್ದರಿಂದ ಚಾರ್ಟಿನ ಫೋಟೋ ನೋಡಿ, ಗೊತ್ತಿರುವ ಸಹಾಯಕರನ್ನು ಕೇಳಿ. ನಾನು ಮೊದಲ ತಿಂಗಳಲ್ಲಿ ಒಬ್ಬರ ಬಿಪಿ ಮಾತ್ರೆಯನ್ನು ಪಕ್ಕದವರಿಗೆ ಕೊಟ್ಟಿದ್ದು ಹೀಗೇ. ತಕ್ಷಣ ಇನ್‌ಚಾರ್ಜ್‌ಗೆ ಹೇಳಿದೆ, ಡಾಕ್ಟರಿಗೆ ಫೋನ್ ಆಯಿತು, ಇಡೀ ದಿನ ಅವರ ಬಿಪಿ ನೋಡುತ್ತಾ ಕೂತೆವು. ಅವರಿಗೆ ಏನೂ ಆಗಲಿಲ್ಲ. ಮುಚ್ಚಿಟ್ಟಿದ್ದರೆ, ಅವರು ತಲೆ ಸುತ್ತಿ ಬಿದ್ದಿದ್ದರೆ, ಯಾಕೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪಾದರೆ ಮೊದಲು ಆ ವ್ಯಕ್ತಿಯನ್ನು ನೋಡಿ, ಆಮೇಲೆ ಬಾಯಿ ಬಿಟ್ಟು ಹೇಳಿ. ಬೈಗುಳ ಆಮೇಲೆ ಬರಲಿ.

ಎಲ್ಲ ಮಾತ್ರೆಗೂ ಗಡಿಯಾರ ಒಂದೇ ಅಲ್ಲ. ಹೆಚ್ಚಿನವಕ್ಕೆ ಒಂದು ಗಂಟೆ ಹಿಂದೆ ಮುಂದೆ ಆದರೂ ನಡೆಯುತ್ತದೆ. ಪಾರ್ಕಿನ್ಸನ್ ಇರುವವರ ಲೆವೊಡೋಪಾ ಮಾತ್ರ ಕಾಯುವುದಿಲ್ಲ. ತಡವಾದರೆ ಮೈ ಬಿಗಿಯುತ್ತದೆ, ನಡೆಯಲು ಆಗುವುದಿಲ್ಲ, ನುಂಗುವುದೂ ಕಷ್ಟ. ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ತಟ್ಟೆ ಎದುರಿಗೆ ಬಂದ ಮೇಲೆ ಕೊಡಿ. ಅಡುಗೆಮನೆಯಲ್ಲಿ ತಡವಾದರೆ ಶುಗರ್ ಇಳಿಯುವುದು ನಿಮ್ಮ ಹಿರಿಯರಿಗೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಂದ ನಾಲ್ಕು ಗಂಟೆ ದೂರ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಆದರೆ ಖಾಲಿ ಹೊಟ್ಟೆಗೆ ಒಂದು ಲೋಟ ಬರೀ ನೀರಿನ ಜೊತೆ ಕೊಟ್ಟು, ಕನಿಷ್ಠ 30 ನಿಮಿಷ ನೆಟ್ಟಗೆ ಕೂರಿಸಬೇಕು. ಕೊಟ್ಟು ಮಲಗಿಸಿದರೆ ಅನ್ನನಾಳ ಸುಡುತ್ತದೆ. ಹೃದಯದ ಮಾತ್ರೆ ಡಿಗಾಕ್ಸಿನ್ ಕೊಡುವ ಮುಂಚೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಿ. 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹೊಸದಾಗಿ ಆ್ಯಂಟಿಬಯಾಟಿಕ್ ಶುರುವಾದರೆ "ಐಎನ್‌ಆರ್ ಯಾವಾಗ ನೋಡೋಣ?" ಅಂತ ನೀವೇ ಕೇಳಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಪರೀಕ್ಷೆ ಅದು. ಹಲವು ಆ್ಯಂಟಿಬಯಾಟಿಕ್‌ಗಳು ರಕ್ತವನ್ನು ಇನ್ನೂ ತೆಳುವಾಗಿಸುತ್ತವೆ.

ಇನ್ನು ಪುಡಿ ಮಾಡುವ ವಿಷಯ. ನುಂಗಲು ಆಗದವರಿಗೆ ಎಲ್ಲವನ್ನೂ ಕುಟ್ಟಿ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಸಲ ಒಳಗೆ ಹೋಗುತ್ತದೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಇದ್ದರೆ ಕುಟ್ಟಬೇಡಿ. ಹೊಟ್ಟೆಯಲ್ಲಿ ಕರಗದಂತೆ ಲೇಪ ಹಾಕಿರುವ ಮಾತ್ರೆಗಳಿಗೂ ಇದೇ ಮಾತು. ಫಾರ್ಮಸಿಸ್ಟ್‌ಗೆ ಫೋನ್ ಮಾಡಿ ದ್ರವ ರೂಪದಲ್ಲಿ ಸಿಗುತ್ತಾ ಕೇಳಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ತೀರ್ಮಾನವನ್ನು ನೀವೊಬ್ಬರೇ ಮಾಡುವ ಹಾಗಿಲ್ಲ. "ಬೇಡ" ಅಂದರೆ ಹದಿನೈದು ನಿಮಿಷ ಬಿಟ್ಟು ಮತ್ತೆ ಹೋಗಿ. ಆಗಲೂ ಬೇಡ ಅಂದರೆ ಹಾಗಂತ ಬರೆಯಿರಿ, ಮುಖ್ಯವಾದ ಮಾತ್ರೆಯಾದರೆ ಡಾಕ್ಟರಿಗೂ ತಿಳಿಸಿ. ಬೇಡ ಅನ್ನುವ ಹಕ್ಕು ಅವರಿಗಿದೆ.

ಮಾರ್ಫಿನ್‌ನಂಥ ಮಾತ್ರೆಗಳ ಬೀಗದ ಕೈ ತಗೊಳ್ಳುವ ಮುಂಚೆ, ಹೋಗುವವರು ಬರುವವರು ಇಬ್ಬರೂ ಕೂಡಿ ಎಣಿಸಬೇಕು. "ನಾನು ಎಣಿಸಿದೀನಿ, ಸುಮ್ನೆ ಸಹಿ ಹಾಕು" ಅಂದರೆ ನಗುತ್ತಲೇ ಮತ್ತೆ ಎಣಿಸಿ. ಲೆಕ್ಕ ತಪ್ಪಿದ್ದರೆ ಅದು ಬಗೆಹರಿಯುವ ತನಕ ಇಬ್ಬರೂ ಮನೆಗೆ ಹೋಗುವ ಹಾಗಿಲ್ಲ.

ಸಹಾಯಕರ ಮಾತಿಗೆ ಕಿವಿ ಕೊಡಿ

ಸ್ನಾನ ಮಾಡಿಸುವವರು, ಊಟ ತಿನ್ನಿಸುವವರು, ಬಟ್ಟೆ ಬದಲಿಸುವವರು ಸಹಾಯಕರು. ಹಿರಿಯರ ಮೈಯನ್ನು ದಿನವೂ ನೋಡುವವರು ಅವರೇ. "ಸಿಸ್ಟರ್, ಅವರು ಇವತ್ತು ಯಾಕೋ ಸರಿಯಿಲ್ಲ" ಅಂತ ಅವರು ಅಂದರೆ ಅದನ್ನು ಲ್ಯಾಬ್ ರಿಪೋರ್ಟಿನಷ್ಟೇ ಗಂಭೀರವಾಗಿ ತಗೊಳ್ಳಿ. ಕೈಲಿದ್ದ ಕೆಲಸ ಬಿಟ್ಟು ಹೋಗಿ ನೋಡಿ. ಎರಡು ಸಲ "ಆಮೇಲೆ ನೋಡ್ತೀನಿ" ಅಂದರೆ ಮೂರನೇ ಸಲ ಅವರು ಬಂದು ಹೇಳುವುದೇ ಇಲ್ಲ.

ಇನ್ನೊಂದು ಮಾತು. ನೀವು ಇಪ್ಪತ್ತೆರಡು ವರ್ಷದವರು, ಅವರಿಗೆ ಈ ಕೆಲಸದಲ್ಲೇ ಇಪ್ಪತ್ತು ವರ್ಷ ಅನುಭವ ಇರಬಹುದು. ಕೆಲಸ ಹೇಳಬೇಕಾದವರು ನೀವೇ, ನಿಜ. ಆದರೆ ಹೇಳುವ ಮುಂಚೆ ಒಂದು ದಿನವಾದರೂ ಅವರ ಜೊತೆ ಕೈ ಹಾಕಿ ಒಬ್ಬರನ್ನು ಹಾಸಿಗೆಯಿಂದ ಎಬ್ಬಿಸಿ. ಆಮೇಲೆ ನಿಮ್ಮ ಮಾತಿಗೆ ತೂಕ ಬರುತ್ತದೆ.

"ಎಂದಿನ ಹಾಗಿಲ್ಲ" ಅಂದರೆ ಏನು ನೋಡಬೇಕು

ವಯಸ್ಸಾದವರ ಕಾಯಿಲೆ ಪುಸ್ತಕದಲ್ಲಿದ್ದ ಹಾಗೆ ಬರುವುದಿಲ್ಲ. ಹೃದಯಾಘಾತ ಎದೆನೋವಿಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿಯಾಗಿ ಬರಬಹುದು. ನ್ಯುಮೋನಿಯಾಕ್ಕೆ ಕೆಮ್ಮೇ ಇರದೆ ಹೋಗಬಹುದು. ನಿನ್ನೆ ತನಕ ಹರಟೆ ಹೊಡೆಯುತ್ತಿದ್ದವರು ಇವತ್ತು ಗೊಂದಲದಲ್ಲಿ ಏನೇನೋ ಮಾತಾಡುತ್ತಿದ್ದರೆ, ಅಥವಾ ಸುಮ್ಮನೆ ತೂಕಡಿಸುತ್ತಿದ್ದರೆ, ಅದು ವಯಸ್ಸಲ್ಲ. ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಗೊಂದಲ ಇರಬಹುದು, ಅದಕ್ಕೆ ಕಾರಣ ಹುಡುಕಬೇಕು: ಸೋಂಕು, ನೀರು ಸಾಲದಿರುವುದು, ಹೊಸ ಮಾತ್ರೆ, ನೋವು, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಶುಗರ್ ಇಳಿದಿರುವುದು.

ಮೊದಲು ಶುಗರ್ ನೋಡಿ. ನಿಮಿಷದ ಕೆಲಸ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿ ನುಂಗುವ ಹಾಗಿದ್ದರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಜ್ವರದ ಲೆಕ್ಕವೂ ಬೇರೆ. ಹಿರಿಯರ ಮೈ ಬಿಸಿ ಸಾಮಾನ್ಯವಾಗಿಯೇ ಕಡಿಮೆ. ಬಾಯಲ್ಲಿ ನೋಡಿದಾಗ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರವೇ. ಅವರ ಎಂದಿನ ಬಿಸಿಗಿಂತ 1.1 ಡಿಗ್ರಿ ಸೆಲ್ಸಿಯಸ್ ಏರಿದ್ದರೂ ಜ್ವರವೇ. ಎಂದಿನದು ಎಷ್ಟು ಅಂತ ಬರೆದಿಡದಿದ್ದರೆ ಇದು ಗೊತ್ತಾಗುವುದು ಹೇಗೆ? ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. "18" ಅಂತ ಅಂದಾಜಿಗೆ ಬರೆಯುವುದು ನಮ್ಮ ವೃತ್ತಿಯ ಹಳೇ ಚಾಳಿ. 25ರ ಮೇಲೆ ಹೋಗಿದ್ದರೆ ನ್ಯುಮೋನಿಯಾದ ಅನುಮಾನ ಇರಲಿ.

ಹಾಗಂತ ಪ್ರತಿ ಗೊಂದಲಕ್ಕೂ "ಯೂರಿನ್ ಇನ್ಫೆಕ್ಷನ್" ಅಂತ ಹಣೆಪಟ್ಟಿ ಹಚ್ಚಬೇಡಿ. ಇಂಥ ಕೇಂದ್ರಗಳಲ್ಲಿರುವ ಎಷ್ಟೋ ಹಿರಿಯರ ಮೂತ್ರದಲ್ಲಿ ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತವೆ. ಅದನ್ನೇ ಕಾರಣ ಅಂದುಕೊಂಡರೆ ನಿಜವಾದ ಕಾರಣ ಕೈತಪ್ಪುತ್ತದೆ.

ತೂಕದ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ, ನೀವು ನೋಡಿ. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದಿದ್ದರೆ ಅದು ದೊಡ್ಡ ಇಳಿತ. ಹೃದಯ ದುರ್ಬಲವಾಗಿರುವವರಲ್ಲಿ ಉಲ್ಟಾ: ಒಂದೇ ದಿನಕ್ಕೆ ಒಂದು ಕಿಲೋಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅನುಮಾನಿಸಿ. ಮಲದ ಲೆಕ್ಕವೂ ಬೇಕು. ಮೂರು ದಿನ ಆಗಿಲ್ಲ ಅಂದರೆ ಹೊಟ್ಟೆ ಮುಟ್ಟಿ ನೋಡಿ. ಅಂಥವರಿಗೆ ಇದ್ದಕ್ಕಿದ್ದಂತೆ ನೀರಾಗಿ ಭೇದಿ ಶುರುವಾದರೆ ಅದು ಗಟ್ಟಿಯಾಗಿ ಕಟ್ಟಿಕೊಂಡಿದ್ದರ ಪಕ್ಕದಿಂದ ಸೋರುತ್ತಿರಬಹುದು. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕೆಟ್ಟಿತು.

ಡಾಕ್ಟರಿಗೆ ಫೋನ್ ಮಾಡುವುದು

ರಾತ್ರಿ ಎರಡು ಗಂಟೆಗೆ ಫೋನ್ ಮಾಡಲು ಕೈ ನಡುಗುತ್ತದೆ, ಅಲ್ವಾ? ತಯಾರಿ ಇದ್ದರೆ ನಡುಕ ಕಡಿಮೆ. ಎಸ್‌ಬಿಎಆರ್ ಅನ್ನುವ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದದ್ದು: ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೆ ಏನನಿಸುತ್ತದೆ, ಏನು ಬೇಕು. ಫೋನ್ ಎತ್ತುವ ಮುಂಚೆ ಚಾರ್ಟ್ ತೆರೆದಿಡಿ, ಬಿಪಿ, ನಾಡಿ, ಉಸಿರು, ಬಿಸಿ, ಆಮ್ಲಜನಕ, ಶುಗರ್ ಕೈಯಲ್ಲಿರಲಿ.

"ಸರ್, 12ನೇ ರೂಮಿನವರು, 84 ವರ್ಷ, ಸಂಜೆಯಿಂದ ಗೊಂದಲದಲ್ಲಿದ್ದಾರೆ. ಶುಗರ್ ಮತ್ತು ಹೃದಯದ ತೊಂದರೆ ಇದೆ, ನಿನ್ನೆ ತನಕ ಚೆನ್ನಾಗಿ ಮಾತಾಡುತ್ತಿದ್ದರು. ಉಸಿರು 28, ಆಮ್ಲಜನಕ 89, ಬಲಗಡೆ ಎದೆಯಲ್ಲಿ ಗರಗರ ಸದ್ದು. ನ್ಯುಮೋನಿಯಾ ಅಂತ ಅನುಮಾನ. ಆಸ್ಪತ್ರೆಗೆ ಕಳಿಸಬೇಕು ಅನಿಸುತ್ತೆ." ಇಷ್ಟೇ. ಇದರ ಬದಲು "ಸರ್, ಪೇಷೆಂಟ್ ಯಾಕೋ ಡಲ್ ಇದ್ದಾರೆ" ಅಂದರೆ "ಬೆಳಗ್ಗೆ ನೋಡೋಣ" ಅನ್ನುವ ಉತ್ತರವೇ ಬರುತ್ತದೆ. ಡಾಕ್ಟರ್ ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ. ಉಸಿರು ಕಟ್ಟುತ್ತಿದ್ದರೆ, ಮುಖ ಒಂದು ಕಡೆ ವಾಲಿದ್ದರೆ ಫೋನಿಗೆ ಕಾಯದೆ ಆಂಬುಲೆನ್ಸ್ ಕರೆಸಿ.

ಯಾರಾದರೂ ಬಿದ್ದಾಗ

ಮನಸ್ಸು ಮೊದಲು ಎತ್ತು ಅನ್ನುತ್ತದೆ. ಎತ್ತಬೇಡಿ. ನೆಲದ ಮೇಲೆ ಪಕ್ಕದಲ್ಲಿ ಕೂತು ಮಾತಾಡಿಸಿ. ತಲೆ, ಕುತ್ತಿಗೆ, ಸೊಂಟ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ ಅಂತಲೇ ಎಣಿಸಿ, ಅಲುಗಾಡಿಸದೆ ಸಹಾಯ ಕರೆಸಿ. ಬಿದ್ದದ್ದನ್ನು ಯಾರೂ ನೋಡಿಲ್ಲ ಅಂದರೆ ತಲೆಗೆ ಪೆಟ್ಟಾಗಿದೆ ಅಂದುಕೊಂಡೇ ಮುಂದುವರಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಾದರೆ ತಲೆಯೊಳಗೆ ರಕ್ತ ನಿಧಾನಕ್ಕೆ ಸೋರಬಹುದು, ಡಾಕ್ಟರಿಗೆ ತಕ್ಷಣ ಹೇಳಿ. ಎಲ್ಲ ಸರಿ ಕಂಡ ಮೇಲೂ ಎಚ್ಚರ, ಕಣ್ಣಿನ ಪಾಪೆ, ಕೈಕಾಲಿನ ಬಲವನ್ನು ಆಗಾಗ ನೋಡುತ್ತಿರಿ.

ಆಮೇಲೆ "ಯಾಕೆ ಬಿದ್ದರು?" ಅಂತ ಕೇಳಿ. ಮಲಗಿದಾಗ ಮತ್ತು ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಕಾರಣ ಸಿಕ್ಕಂತೆ. ಎಷ್ಟೋ ಸಲ ಕಾರಣ ಇನ್ನೂ ಸರಳ: ಬಾತ್‌ರೂಮಿಗೆ ಹೋಗಬೇಕಿತ್ತು, ಕರೆಗಂಟೆಗೆ ಯಾರೂ ಬರಲಿಲ್ಲ.

ಚರ್ಮ

ಹಾಸಿಗೆ ಹುಣ್ಣಿನ ಅಪಾಯವನ್ನು ಅಂಕಿಯಲ್ಲಿ ಅಳೆಯುವ ಪಟ್ಟಿಯನ್ನು ಡೊರೀನ್ ನಾರ್ಟನ್ ಅನ್ನುವ ಬ್ರಿಟಿಷ್ ನರ್ಸ್ 1962ರಲ್ಲಿ ಕೊಟ್ಟರು, ಅದೂ ಹಿರಿಯರ ವಾರ್ಡುಗಳಲ್ಲಿ ಕೆಲಸ ಮಾಡಿಯೇ. ಈಗ ಹೆಚ್ಚು ಬಳಕೆಯಲ್ಲಿರುವುದು 1987ರ ಬ್ರೇಡನ್ ಪಟ್ಟಿ. 6ರಿಂದ 23ರವರೆಗೆ ಅಂಕ, 18 ಅಥವಾ ಅದಕ್ಕಿಂತ ಕಡಿಮೆ ಅಂದರೆ ಅಪಾಯ. ಅಂಕ ಬರೆದು ಫೈಲಿಗೆ ಸೇರಿಸಿದರೆ ಹುಣ್ಣು ನಿಲ್ಲುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು, ಒದ್ದೆ ಬಟ್ಟೆ ತಕ್ಷಣ ಬದಲಿಸಬೇಕು.

ಬೆರಳಿನಿಂದ ಒತ್ತಿದರೂ ಬಿಳುಪಾಗದ ಕೆಂಪು ಮೊದಲ ಹಂತ. ಆದರೆ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಅಲ್ಲಿ ಕೈಯಿಂದ ಮುಟ್ಟಿ: ಪಕ್ಕದ ಚರ್ಮಕ್ಕಿಂತ ಬಿಸಿಯಾ, ಗಟ್ಟಿಯಾ, ಮುಟ್ಟಿದರೆ ನೋವಾ? ಸ್ನಾನದ ಹೊತ್ತಿಗೆ ವಾರಕ್ಕೊಮ್ಮೆಯಾದರೂ ನೀವೇ ಹೋಗಿ ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಹೊಸದಾಗಿ ಸೇರಿದವರ ಮೈಯನ್ನಂತೂ ಬಂದ ದಿನವೇ ಪೂರ್ತಿ ನೋಡಿ ಬರೆಯಿರಿ.

ಮರೆವಿನ ಕಾಯಿಲೆ ಇರುವವರ ಜೊತೆ

ಎದುರಿನಿಂದ ಬನ್ನಿ, ಕಣ್ಣಿನ ಮಟ್ಟಕ್ಕೆ ಕೂರಿ, ಒಂದು ಸಲಕ್ಕೆ ಒಂದೇ ಮಾತು. "ಅಮ್ಮ ಎಲ್ಲಿ, ಮನೆಗೆ ಹೋಗಬೇಕು" ಅಂತ ತೊಂಬತ್ತು ವರ್ಷದವರು ಅತ್ತರೆ "ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು" ಅನ್ನಬೇಡಿ. ಅವರಿಗೆ ಅದು ಈಗ ತಾನೇ ಬಂದ ಸಾವಿನ ಸುದ್ದಿ. "ನಿಮ್ಮ ಅಮ್ಮ ಹೇಗಿದ್ರು, ಹೇಳಿ" ಅಂದು ನೋಡಿ.

ಹೊಡೆಯುವವರು, ಕಿರುಚುವವರು ಸುಮ್ಮಸುಮ್ಮನೆ ಹಾಗೆ ಮಾಡುವುದು ಕಡಿಮೆ. ನೋವು, ಭಯ, ಬಾತ್‌ರೂಮಿಗೆ ಹೋಗುವ ಅವಸರ, ಏನೋ ಒಂದು ಇರುತ್ತದೆ. ಬಾಯಿಬಿಟ್ಟು ಹೇಳಲಾರದವರ ನೋವಿಗೆ ಪೈನಾಡ್ ಅನ್ನುವ ಅಳತೆ ಇದೆ: ಉಸಿರು, ನರಳಾಟ, ಮುಖ, ಮೈಯ ಬಿಗಿತ, ಸಮಾಧಾನ ಆಗುತ್ತಾರೋ ಇಲ್ಲವೋ. ಒಂದೊಂದಕ್ಕೆ 0ರಿಂದ 2, ಒಟ್ಟು 10. ಸ್ನಾನ ಬೇಡ ಅಂತ ಕೈ ಎತ್ತಿದರೆ ಬಿಡಿ, ಅರ್ಧ ಗಂಟೆ ಬಿಟ್ಟು ಬೇರೆಯವರು ಹೋಗಲಿ.

ಬರೆಯುವುದು

ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ. "ಬಿದ್ದರು" ಅಲ್ಲ, "4.10ಕ್ಕೆ ಹಾಸಿಗೆ ಪಕ್ಕ ನೆಲದ ಮೇಲೆ ಎಡಮಗ್ಗುಲಲ್ಲಿ ಮಲಗಿರುವುದು ಕಂಡಿತು". ಪಾಳಿಯ ಕೊನೆಗೆ ಎಲ್ಲವನ್ನೂ ನೆನಪಿನಿಂದ ಬರೆಯಲು ಹೋದರೆ ಅರ್ಧ ಮರೆತಿರುತ್ತೀರಿ.

ಮನೆಯವರು, ಮತ್ತು ಕೊನೆಯ ದಿನಗಳು

ಮಗಳು ಬಂದು ಸಣ್ಣ ವಿಷಯಕ್ಕೆ ರೇಗುತ್ತಾಳೆ. ಕಳೆದುಹೋದ ಸ್ವೆಟರ್‌ಗಾಗಿ ಇಷ್ಟೊಂದು ಜಗಳವಾ ಅನಿಸುತ್ತದೆ. ಅಮ್ಮನನ್ನು ಇಲ್ಲಿ ಬಿಟ್ಟೆನಲ್ಲ ಅನ್ನುವ ಸಂಕಟ ಆ ಸ್ವೆಟರ್ ಮೇಲೆ ಹೊರಬರುತ್ತಿರಬಹುದು. ಸಮರ್ಥನೆಗೆ ಇಳಿಯುವ ಮುಂಚೆ ಪೂರ್ತಿ ಕೇಳಿಸಿಕೊಳ್ಳಿ. ಕೆಟ್ಟ ಸುದ್ದಿಯನ್ನು ಅವರಾಗಿ ಕಂಡುಹಿಡಿಯುವ ಮುಂಚೆ ನೀವೇ ಫೋನ್ ಮಾಡಿ ಹೇಳಿ.

ಮೊದಲ ಸಾವು ಯಾವತ್ತೋ ಬರುತ್ತದೆ. ಕೊನೆಯ ಗಂಟೆಗಳಲ್ಲಿ ಉಸಿರು ಜೋರಾಗಿ, ನಿಧಾನವಾಗಿ, ನಡುನಡುವೆ ನಿಂತು ಮತ್ತೆ ಶುರುವಾಗುತ್ತದೆ. ಮಂಡಿ, ಪಾದಗಳಲ್ಲಿ ನೀಲಿ ಮಚ್ಚೆ ಮೂಡುತ್ತವೆ. ಆಗ ಒತ್ತಾಯದ ಊಟ ಬೇಡ. ತುಟಿ, ಬಾಯಿ ಒದ್ದೆ ಮಾಡುತ್ತಿರಿ, ಮಗ್ಗುಲು ಬದಲಿಸಿ, ನೋವಿನ ಔಷಧಿ ತಪ್ಪಿಸಬೇಡಿ. ಮನೆಯವರಿಗೆ ಬೇಗ ತಿಳಿಸಿ. ಆಚೆ ಬಂದು ಐದು ನಿಮಿಷ ಅತ್ತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಿಮ್ಮ ಬಗ್ಗೆ

ಎರಡನೇ ತಿಂಗಳಲ್ಲಿ "ನನಗೆ ಈ ಕೆಲಸ ಆಗಲ್ಲ" ಅನಿಸುವುದು ಹೊಸದೇನಲ್ಲ. ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ನಡೆಯುವುದಕ್ಕೂ ಇರುವ ಅಂತರ ಹೊಸ ನರ್ಸುಗಳಿಗೆ ಕೊಡುವ ಹೊಡೆತವನ್ನು ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ "ರಿಯಾಲಿಟಿ ಶಾಕ್" ಅಂತ ಕರೆದಿದ್ದರು. ಬೆನ್ನು ಉಳಿಸಿಕೊಳ್ಳಿ: ಒಬ್ಬರೇ ಎತ್ತಬೇಡಿ, ಲಿಫ್ಟ್ ಯಂತ್ರ ಇದ್ದರೆ ಅದನ್ನೇ ಬಳಸಿ. ಊಟ ಬಿಡಬೇಡಿ. ಪ್ರತಿ ರಜೆಯಲ್ಲೂ "ಒಂದು ಪಾಳಿ ಬರ್ತೀರಾ?" ಅಂತ ಫೋನ್ ಬರುತ್ತದೆ, "ಇಲ್ಲ" ಅನ್ನುವುದನ್ನೂ ಅಭ್ಯಾಸ ಮಾಡಿಕೊಳ್ಳಿ.

ಕೊನೆಗೆ, ಮನೆಗೆ ಹೊರಟಾಗ ಗೇಟು ದಾಟುವ ಮುಂಚೆ ಜೇಬು ಮುಟ್ಟಿ ನೋಡಿಕೊಳ್ಳಿ. ಮಾತ್ರೆ ಕಪಾಟಿನ ಬೀಗದ ಕೈ ಅಲ್ಲೇ ಇರುತ್ತದೆ. ನಾನು ಎರಡು ಸಲ ಅರ್ಧ ದಾರಿಯಿಂದ ವಾಪಸ್ ಬಂದಿದ್ದೇನೆ.